ಸ್ನೋ ವೈಟ್ ಪೋಸ್ಟರಿಗೆ ಗೋದಿ ಹಾಲಿನ ಅಂಟು

ಧಾರವಾಡದ ಮಾಸ್ತರರೊಬ್ಬರು ಹೋದ ದೀಪಾವಳಿಗೆ ಮನೆಗೆ ಕರೆದು ಒಂದು ಲಾಬಿ ಕಾರ್ಡ್ ತೋರಿಸಿದರು. ಹಿಂದೆ ಟಾಕೀಸಿನ ಬಾಗಿಲ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಸಿನಿಮಾದ ಚಿತ್ರಗಳನ್ನು ಹಾಕುತ್ತಿದ್ದರಲ್ಲ, ಅದು. ಡಿಸ್ನಿಯವರ ಕಾರ್ಟೂನ್ ಸಿನಿಮಾದ್ದು, ಸ್ನೋ ವೈಟ್ ಕುಳ್ಳರ ಜೊತೆ ಕುಣಿಯುವ ದೃಶ್ಯ. ಬಣ್ಣ ಇನ್ನೂ ಗಟ್ಟಿಯಾಗಿತ್ತು. ಆದರೆ ಅದನ್ನು ಆಗಲೇ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. "ಮಳಿಗಾಲದಾಗ ಹಾಳಾಗಬಾರದಂತ ಮಾಡಿಸಿದೆ ರೀ" ಅಂದರು. ನನಗೆ ಮಾತೇ ಹೊರಡಲಿಲ್ಲ. ಬಿಸಿ ಕೊಟ್ಟು ಅಂಟಿಸಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಚಿತ್ರವೂ ಜೊತೆಗೇ ಬರುತ್ತದೆ. ಹೀಗೆ ಹಾಳಾದ ಕಾರ್ಡನ್ನು ನಾನು ನೋಡಿದ್ದು ಅದು ನಾಲ್ಕನೇ ಸಲ. ಅದಕ್ಕೇ ಈ ಲೇಖನ: ಇಂಥ ಹಳೆಯ ಕಾರ್ಡು, ಪೋಸ್ಟರ್ ಹುಡುಕುವುದು, ವಯಸ್ಸು ತಿಳಿಯುವುದು, ಹಾಳಾಗದಂತೆ ಫ್ರೇಮಿಗೆ ಕೂರಿಸುವುದು ಹೇಗೆ ಅಂತ.

ಹುಡುಕುವುದು

ಹುಬ್ಬಳ್ಳಿಯಲ್ಲಾದರೆ ದುರ್ಗದ ಬೈಲ್ ಸುತ್ತಲಿನ ರದ್ದಿ ಅಂಗಡಿಗಳನ್ನು ನೋಡಿ. ಗದಗ ರಸ್ತೆಯ ಕಡೆ ಹಳೆಯ ರೈಲ್ವೆ ಕುಟುಂಬಗಳು ಮನೆ ಖಾಲಿ ಮಾಡುವಾಗ ವಿಚಾರಿಸಿ. ರದ್ದಿಯವರಿಗೆ ಕಿಲೋ ದರಕ್ಕಿಂತ ಜಾಸ್ತಿ ಕೊಡಿ, ಮುಂದಿನ ಸಲ ತಾವೇ ಎತ್ತಿಟ್ಟು ಫೋನ್ ಮಾಡುತ್ತಾರೆ.

ಎಷ್ಟು ಹಳೆಯದು?

ಸ್ನೋ ವೈಟ್ ಸಿನಿಮಾ ಮೊದಲು ತೆರೆ ಕಂಡಿದ್ದು 1937ರ ಡಿಸೆಂಬರಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದ ಉಳಿದ ಊರುಗಳಿಗೆ ಬಂದದ್ದು 1938ರಲ್ಲಿ. ಆಮೇಲೆ 1944, 1952, 1958, 1967 ಹೀಗೆ ಮತ್ತೆ ಮತ್ತೆ ಬಿಡುಗಡೆಯಾಯಿತು. ಪ್ರತಿ ಸಲವೂ ಹೊಸ ಪೋಸ್ಟರ್. ಹಾಗಾಗಿ ಮಾರುವವರು "1938ರದ್ದು" ಅಂದ ಕೂಡಲೇ ದುಡ್ಡು ಬಿಚ್ಚಬೇಡಿ. ಕೆಳಗಿನ ಸಣ್ಣ ಅಕ್ಷರ ಓದಿ. ಮೊದಲ ಬಿಡುಗಡೆಯ ಹಂಚಿಕೆದಾರರು ಆರ್‌ಕೆಓ ಎಂಬ ಕಂಪನಿ. ಡಿಸ್ನಿಯದೇ ಹಂಚಿಕೆ ಕಂಪನಿಯಾದ ಬ್ಯೂನಾ ವಿಸ್ಟಾದ ಹೆಸರಿದ್ದರೆ ಅದು 1953ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ, ಏಕೆಂದರೆ ಆ ಕಂಪನಿ ಹುಟ್ಟಿದ್ದೇ ಆಗ. ಗೊಂಬೆ, ತಗಡಿನ ಡಬ್ಬಿ, ಕಥೆಪುಸ್ತಕಗಳ ಮೇಲೆ "ವಾಲ್ಟ್ ಡಿಸ್ನಿ ಎಂಟರ್‌ಪ್ರೈಸಸ್" ಎಂದಿದ್ದರೆ ಸಾಮಾನ್ಯವಾಗಿ 1930ರ ದಶಕದ್ದು. "ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್" ಎಂದಿದ್ದರೆ ಅದರ ನಂತರದ್ದು.

ಇನ್ನೊಂದು ಪರೀಕ್ಷೆಗೆ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಇರುವ ನೋಟು ನೋಡುವ ನೇರಳೆ ದೀಪ ಸಾಕು. ಕತ್ತಲಲ್ಲಿ ಕಾಗದವನ್ನು ಅದರ ಕೆಳಗೆ ಹಿಡಿಯಿರಿ. ನೀಲಿ ಬಿಳುಪಾಗಿ ಫಳಫಳ ಹೊಳೆದರೆ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸಿದ್ದಾರೆ ಅಂತ. ಅದು ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದು ಎಂದೂ ಅಲ್ಲ, ನೆನಪಿರಲಿ.

ಸೆಲ್ ಬಗ್ಗೆ ಒಂದು ಮಾತು. ಸಿನಿಮಾಕ್ಕಾಗಿ ಪಾರದರ್ಶಕ ಹಾಳೆಯ ಮೇಲೆ ಕೈಯಿಂದ ಬರೆದ ಚಿತ್ರ ಅದು. ಮುಂದೆ ಶಾಯಿಯ ಗೆರೆ, ಹಿಂದೆ ಬಣ್ಣ. ಸ್ನೋ ವೈಟ್ ಸೆಲ್‌ಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಕೋರ್ವಾಸಿಯೇ ಗ್ಯಾಲರಿ 1938ರಿಂದ ಮಾರುತ್ತಿತ್ತು. ಆಗಿನ ಹಾಳೆ ಸೆಲ್ಯುಲೋಸ್ ನೈಟ್ರೇಟ್ ಎಂಬ ಪ್ಲಾಸ್ಟಿಕ್ಕಿನದು. ಹಳದಿಯಾಗುತ್ತದೆ, ಸುಕ್ಕಾಗುತ್ತದೆ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಮೊಬೈಲ್ ಫೋಟೋ ನೋಡಿ ಕೊಳ್ಳಬೇಡಿ. "ಸೆರಿಸೆಲ್" ಎಂದರೆ ಸ್ಕ್ರೀನ್ ಪ್ರಿಂಟ್, ಸಿನಿಮಾದಲ್ಲಿ ಬಳಸಿದ್ದಲ್ಲ. ಗೋಡೆಗೆ ಚೆಂದ, ಆದರೆ ಸೆಲ್ಲಿನ ಬೆಲೆ ಕೊಡಬೇಡಿ. ಮುಂದೆ ಹೇಳುವ ಅಂಟು ಕಾಗದಕ್ಕೆ ಮಾತ್ರ. ಸೆಲ್ಲಿಗೆ ನೀರು ತಾಗಿಸಲೇಬೇಡಿ, ಬಣ್ಣ ಎದ್ದುಬಿಡುತ್ತದೆ.

ಅಂಟು

ಎಲ್ಲರೂ ಕೆಡಿಸುವುದು ಇಲ್ಲೇ. ನನ್ನ ನಿಯಮ ಒಂದೇ: ಇವತ್ತು ಅಂಟಿಸಿದ್ದು ನಾಳೆ ಬರೀ ನೀರಿನಿಂದ ಬಿಡಬೇಕು. ಟೇಪ್ ಬೇಡ. ಅದರ ಗೋಂದು ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಬಡಗಿಗಳ ಬಿಳಿ ಗೋಂದೂ ಬೇಡ, ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂತೆ ಕೂತುಬಿಡುತ್ತದೆ.

ಜಗತ್ತಿನ ಮ್ಯೂಸಿಯಂಗಳು ಬಳಸುವುದು ಗೋದಿಯ ಪಿಷ್ಟದ ಅಂಟು. ಅದನ್ನು ಮಾಡುವ ಕೈ ನಮ್ಮ ಭಾಗದ ಮನೆಮನೆಯಲ್ಲಿದೆ. ನಮ್ಮ ಅವ್ವ ಬೇಸಿಗೆಯಲ್ಲಿ ಕುರಡಗಿ ಅನ್ನುವ ಸಂಡಿಗೆ ಹಾಕಲು ಗೋದಿ ಹಾಲು ತೆಗೆಯುತ್ತಾಳಲ್ಲ, ಅದೇ ಕೆಲಸ. ಗೋದಿಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಹಾಲನ್ನು ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲಿನ ಹಳದಿ ನೀರು ಚೆಲ್ಲಿ. ಕುರಡಗಿಗಾದರೆ ಇಲ್ಲಿಗೆ ಸಾಕು. ಅಂಟಿಗೆ ಇನ್ನೂ ಎರಡು ಸಲ ಹೊಸ ನೀರು ಹಾಕಿ, ಕಲಕಿ, ತಿಳಿ ಚೆಲ್ಲಬೇಕು. ಉಪ್ಪು, ಇಂಗು ಸೋಕಲೇಬಾರದು. ತಳದ ಬಿಳಿಯನ್ನು ತಟ್ಟೆಯಲ್ಲಿ ನೆರಳಿಗೆ ಒಣಗಿಸಿ ಪುಡಿ ಮಾಡಿಡಿ.

ಒಂದು ಚಮಚ ಪುಡಿಗೆ ಐದು ಚಮಚ ನೀರು. ಅರ್ಧ ಗಂಟೆ ನೆನೆಯಲಿ. ಸಣ್ಣ ಉರಿಯಲ್ಲಿ ಮರದ ಚಮಚದಿಂದ ತಿರುವುತ್ತಲೇ ಇರಿ. ಮೊದಲು ಹಾಲಿನಂತಿರುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಇಲ್ಲಿ ಇಳಿಸಿದರೆ ಅಂಟು ಹಿಡಿಯುವುದಿಲ್ಲ. ಹಸಿ ಬಿಳುಪು ಹೋಗಿ ಗಾಜಿನಂಥ ಹೊಳಪು ಬರುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಕೈ ಬಿಡಬೇಡಿ. ಆರಿದ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಎರಡು ಸಲ ಒತ್ತಿ ತೆಗೆಯಿರಿ. ಸ್ವಲ್ಪ ನೀರು ಬೆರೆಸಿ ತೆಳು ಮೊಸರಿನ ಹದಕ್ಕೆ ತನ್ನಿ. ಹುಳಿ ವಾಸನೆ ಬಂದರೆ ಚೆಲ್ಲಿ, ಹೊಸದು ಮಾಡಿ.

ಮೈದಾ ಕುದಿಸಿದರಾಯಿತು ಅನ್ನುವವರಿದ್ದಾರೆ. ಮೈದಾದಲ್ಲಿ ಜಿಗುಟು ಉಳಿದಿರುತ್ತದೆ, ಒಣಗಿ ಬಿರುಸಾಗುತ್ತದೆ, ಹುಳುವನ್ನೂ ಕರೆಯುತ್ತದೆ. ಹುಳು ಬರದಿರಲಿ ಅಂತ ಬೈಂಡಿಂಗ್‌ನವರು ಮೈಲುತುತ್ತ ಹಾಕುತ್ತಾರೆ. ಅದರಲ್ಲಿರುವ ತಾಮ್ರ ಕಾಗದವನ್ನೇ ತಿನ್ನುತ್ತದೆ.

ಕೂರಿಸುವುದು

ಮೊದಲು ಮೂಲೆಯಲ್ಲಿ ಒದ್ದೆ ಹತ್ತಿ ಮುಟ್ಟಿಸಿ ನೋಡಿ. ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಬಿಡದಿದ್ದರೆ ತೆಳುವಾದ ಜಪಾನಿ ಟಿಶ್ಯೂ ಕಾಗದದ ಎರಡು ಪಟ್ಟಿ ಬೇಕು. ಕತ್ತರಿಸಬೇಡಿ. ಒದ್ದೆ ಕುಂಚದಿಂದ ಗೆರೆ ಎಳೆದು ಹರಿಯಿರಿ, ಆಗ ಅಂಚಿನ ಎಳೆಗಳು ಮೆತ್ತಗಿದ್ದು ಮುಂದೆ ಗುರುತು ಮೂಡುವುದಿಲ್ಲ. ಅಂಟನ್ನು ಕಾರ್ಡಿಗಲ್ಲ, ಪಟ್ಟಿಯ ಒಂದು ತುದಿಗೆ ಮಾತ್ರ ಸವರಿ. ಒದ್ದೆಯ ಹೊಳಪು ಹೋಗುವವರೆಗೆ ಕಾಯಿರಿ, ಆಮೇಲೆ ಕಾರ್ಡಿನ ಬೆನ್ನಿನ ಮೇಲ್ತುದಿಯಲ್ಲಿ ಎರಡು ಕಡೆ ಒತ್ತಿ. ಮೇಲೆ ಬ್ಲಾಟಿಂಗ್ ಪೇಪರ್, ಗಾಜಿನ ತುಂಡು, ತೂಕದ ಕಲ್ಲು. ಹತ್ತು ನಿಮಿಷಕ್ಕೊಮ್ಮೆ ಬ್ಲಾಟಿಂಗ್ ಬದಲಿಸಿ. ಒಣಗಿದ ಮೇಲೆ ಪಟ್ಟಿಯ ಇನ್ನೊಂದು ತುದಿಯನ್ನು ಫ್ರೇಮಿನೊಳಗೆ ಕಾರ್ಡಿನ ಹಿಂದೆ ಇಡುವ ಬೋರ್ಡಿಗೆ ಅಂಟಿಸಿ. ಕೆಳಗೆ, ಪಕ್ಕಕ್ಕೆ ಅಂಟು ಬೇಡ. ನಮ್ಮ ಮಳೆಗಾಲದಲ್ಲಿ ಕಾಗದ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಕಟ್ಟಿಹಾಕಿದರೆ ಅಲೆಅಲೆಯಾಗುತ್ತದೆ.

ಬೋರ್ಡು ಆಸಿಡ್ ಇಲ್ಲದ್ದೇ ಇರಲಿ. ಫ್ರೇಮ್ ಅಂಗಡಿಯ ಕಂದು ರಟ್ಟು ಬೇಡವೇ ಬೇಡ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್, ಅಂದರೆ ಅಂಥದೇ ಬೋರ್ಡನ್ನು ಕಿಟಕಿಯಂತೆ ಕತ್ತರಿಸಿದ ಚೌಕಟ್ಟು, ಇರಿಸಿ. ಮಳೆ ಹೊಡೆಯುವ ಪಡುವಣ ಗೋಡೆಗೂ ಬಿಸಿಲು ಬೀಳುವ ಗೋಡೆಗೂ ಹಾಕಬೇಡಿ.

ಗಣೇಶ ಚೌತಿ ಮುಗಿದ ಮೇಲೆ ಒಮ್ಮೆ ಫ್ರೇಮ್ ಇಳಿಸಿ ಬೆನ್ನು ಬಿಚ್ಚಿ. ಬೋರ್ಡಿನ ಮೇಲೆ ಬೂಷ್ಟಿನ ಚುಕ್ಕೆ ಕಂಡರೆ ಪಟ್ಟಿಯ ಮೇಲೆ ಒದ್ದೆ ಹತ್ತಿ ಸ್ವಲ್ಪ ಹೊತ್ತು ಇಡಿ. ಕಾರ್ಡು ಮೆಲ್ಲಗೆ ಬಿಟ್ಟುಕೊಂಡು ಕೈಗೆ ಬರುತ್ತದೆ. ಹೊಸ ಬೋರ್ಡಿಗೆ ಮತ್ತೆ ಕೂರಿಸಿ.