ಅಟ್ಟದ ಮೇಲಿನ ವೀಲ್‌ಚೇರ್ ಕೆಳಗಿಳಿಸಿ: ನಿವೃತ್ತಿಯಾದ ಮೇಲೆ ಊರಿಗೊಂದು ಎರವಲು ಕೋಣೆ ಶುರು ಮಾಡುವುದು ಹೇಗೆ?

ನಿವೃತ್ತಿಯಾದ ಮೊದಲ ತಿಂಗಳು ಹಬ್ಬದ ಹಾಗೆ ಕಳೆದುಹೋಗುತ್ತದೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಎರಡನೇ ತಿಂಗಳಿಗೆ ಒಂದೇ ಪೇಪರನ್ನು ಎರಡು ಸಲ ಓದುವುದು ಶುರು. ತಿಪಟೂರಿನಲ್ಲಿ ಅಂಚೆ ಕಚೇರಿಯ ಕೆಲಸ ಮುಗಿಸಿ ಮನೆ ಸೇರಿದಾಗ ನನಗೂ ಹೀಗೇ ಆಯಿತು. ಬೆಳಿಗ್ಗೆ ಒಂಬತ್ತೂವರೆ ಆದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಹೋಗುವುದು ಎಲ್ಲಿಗೆ?

ಆಗ ನೆನಪಾದದ್ದು ಅಟ್ಟದ ಮೇಲಿದ್ದ ವೀಲ್‌ಚೇರ್. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ತಂದದ್ದು. ಅವರು ಅದರಲ್ಲಿ ಕೂತದ್ದು ನಾಲ್ಕೇ ತಿಂಗಳು. ಅವರು ಹೋದ ಮೇಲೆ ಆರು ವರ್ಷ ಅಲ್ಲೇ ಧೂಳು ತಿನ್ನುತ್ತಿತ್ತು. ಪಕ್ಕದ ಬೀದಿಯಲ್ಲಿ ತೆಂಗಿನ ಮರದಿಂದ ಬಿದ್ದವರೊಬ್ಬರಿಗೆ ಬೇಕು ಅಂತ ಗೊತ್ತಾಯಿತು. ಇಳಿಸಿ ಒರೆಸಿದೆ, ಗಾಲಿಗೆ ಎಣ್ಣೆ ಬಿಟ್ಟೆ, ತಳ್ಳಿಕೊಂಡು ಹೋಗಿ ಕೊಟ್ಟು ಬಂದೆ. ಮೂರು ತಿಂಗಳಿಗೆ ಅದು ವಾಪಸ್ ಬಂತು. ಅದೇ ವಾರ ಇನ್ನೊಂದು ಮನೆಗೆ ಹೋಯಿತು.

ಈಗ ನಮ್ಮ ಶೆಡ್ಡೇ ಎರವಲು ಕೋಣೆ. ಅದರಲ್ಲಿ ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ (ಕೂತಲ್ಲೇ ಶೌಚ ಮಾಡುವ ಕುರ್ಚಿ), ಏರ್ ಬೆಡ್ (ಹಾಸಿಗೆ ಹಿಡಿದವರಿಗೆ ಗಾಳಿ ತುಂಬಿದ ಹಾಸಿಗೆ) ಎಲ್ಲ ಸೇರಿ ನಲವತ್ತಕ್ಕೂ ಜಾಸ್ತಿ ಸಾಮಾನಿವೆ. ಮೂಳೆ ಮುರಿದವರಿಗೆ, ಲಕ್ವ ಹೊಡೆದವರಿಗೆ ಇವು ಬೇಕಾಗುವುದು ಹೆಚ್ಚಾಗಿ ಕೆಲವೇ ತಿಂಗಳು. ಆದರೆ ಕೊಳ್ಳುವಾಗ ಪೂರ್ತಿ ದುಡ್ಡು ಕೊಡಬೇಕು. ಅದೂ ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ಬರಿದಾದ ಹೊತ್ತಿನಲ್ಲಿ. ನಿಮ್ಮ ಊರಿನಲ್ಲೂ ಇದೇ ಕಥೆ, ಅಲ್ವಾ?

ಒಂದು ತಿಂಗಳು ಸುಮ್ನೆ ಕೇಳಿ

ಹೋದ ತಕ್ಷಣ ಸಾಮಾನು ಕೊಳ್ಳಬೇಡಿ. ಮೊದಲು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಮಾತಾಡಿಸಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಮೆಡಿಕಲ್ ಶಾಪಿನವರು, ಫಿಸಿಯೋಥೆರಪಿ ಮಾಡುವವರು, ಸರ್ಕಾರಿ ಆಸ್ಪತ್ರೆಯ ವಾರ್ಡಿನ ಸಿಸ್ಟರ್. ಯಾರು ಏನು ಕೇಳುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ.

ಎಲ್ಲರಿಗೂ ವೀಲ್‌ಚೇರೇ ಬೇಕು ಅಂತ ನಾನು ಅಂದುಕೊಂಡಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ನಮ್ಮಲ್ಲಿ ಜಾಸ್ತಿ ಜನ ಕೇಳಿದ್ದು ವಾಕರ್ ಮತ್ತು ಕಮೋಡ್ ಕುರ್ಚಿ. ಕಮೋಡ್ ಕುರ್ಚಿ ಬೇಕು ಅಂತ ಬಾಯಿಬಿಟ್ಟು ಕೇಳಲು ಹೆಣ್ಣುಮಕ್ಕಳು ಎಷ್ಟು ನಾಚುತ್ತಾರೆ ಅನ್ನುವುದೂ ಆಗಲೇ ತಿಳಿದದ್ದು. ಅದಕ್ಕೇ ಈ ಕೆಲಸದಲ್ಲಿ ಹೆಂಗಸೊಬ್ಬರು ಜೊತೆಗಿರಲೇಬೇಕು. ನಮ್ಮಲ್ಲಿ ಅಂಥ ಫೋನುಗಳನ್ನು ನನ್ನ ಹೆಂಡತಿಯೇ ತೆಗೆದುಕೊಳ್ಳುತ್ತಾಳೆ.

ಮನೆಯಲ್ಲಿ ಮಾತಾಡಿಕೊಳ್ಳಿ

ರಾತ್ರಿ ಒಂಬತ್ತಕ್ಕೆ ಯಾರೋ ಬಂದು ಬೆಲ್ ಒತ್ತುತ್ತಾರೆ. ಮನೆಯವರು ಮೊದಲೇ ಒಪ್ಪಿರದಿದ್ದರೆ ಅದೇ ಜಗಳಕ್ಕೆ ದಾರಿ. ಹೊತ್ತು ಗೊತ್ತುಮಾಡಿ ಗೇಟಿಗೆ ಬರೆದು ಹಾಕಿ. ನಾವು ಬೆಳಿಗ್ಗೆ 10ರಿಂದ 12, ಸಂಜೆ 5ರಿಂದ 6 ಅಂತ ಇಟ್ಟುಕೊಂಡಿದ್ದೇವೆ. ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಕರೆತಂದವರಿಗೆ ಮಾತ್ರ ಹೊತ್ತಿನ ಲೆಕ್ಕವಿಲ್ಲ.

ದುಡ್ಡಿನ ವಿಷಯವನ್ನೂ ಆಗಲೇ ತೀರ್ಮಾನಿಸಿ. ಗ್ರಾಚ್ಯುಟಿ, ಪಿಎಫ್ ಮುಟ್ಟಬೇಡಿ. ಅದು ನಿಮ್ಮಿಬ್ಬರ ಮುಂದಿನ ಆಸ್ಪತ್ರೆ ಖರ್ಚಿಗೆ ಇರುವುದು. ತಿಂಗಳ ಪೆನ್ಷನ್ನಿನಲ್ಲಿ ಇಷ್ಟು ಅಂತ ಎತ್ತಿಡಿ. ಅದು ಐನೂರೇ ಆದರೂ ಪರವಾಗಿಲ್ಲ.

ಸಾಮಾನು ಎಲ್ಲಿಂದ?

ಊರಿನ ಅಟ್ಟಗಳಿಂದ. ಕೇಳುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಹಾಗೇ ಬಿದ್ದಿರುತ್ತವೆ. ಆದರೆ ಸಾವಾದ ಮನೆಗೆ ಮರುದಿನವೇ ಹೋಗಿ ಕೇಳಬಾರದು. ತಿಥಿ ಎಲ್ಲ ಮುಗಿದು ಒಂದಷ್ಟು ದಿನ ಕಳೆಯಲಿ. ಆಮೇಲೆ ಹೋಗಿ, ಕಾಫಿ ಕುಡಿದು, ನಿಧಾನಕ್ಕೆ ವಿಷಯ ಎತ್ತಿ. ಕೊಡುವಾಗ ಕಣ್ಣು ಒದ್ದೆ ಮಾಡಿಕೊಳ್ಳದವರನ್ನು ನಾನು ಕಂಡದ್ದು ಕಡಿಮೆ. ಅವಸರ ಮಾಡದೆ ಅವರ ಮಾತು ಕೇಳಿಸಿಕೊಳ್ಳಿ.

ತೆಗೆದುಕೊಂಡು ಹೋಗುವವರು "ಸತ್ತವರು ಬಳಸಿದ್ದಾ?" ಅಂತ ಕೇಳಿಯೇ ಕೇಳುತ್ತಾರೆ. ಸುಳ್ಳು ಹೇಳಬೇಡಿ. "ಹೌದಮ್ಮ, ತೊಳೆದು ಬಿಸಿಲಿಗೆ ಹಾಕಿದ್ದೀವಿ" ಅನ್ನಿ. ನಿಜವಾಗಿಯೂ ತೊಳೆದಿರಬೇಕು. ಮೊದಲು ಸೋಪಿನ ನೀರು, ಆಮೇಲೆ ಬ್ಲೀಚಿಂಗ್ ನೀರು, ಕೊನೆಗೆ ಬರೀ ನೀರು. ಬ್ಲೀಚಿಂಗ್ ಹಾಗೇ ಉಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹತ್ತಿಯ ಹಾಸಿಗೆ, ದಿಂಬು ತೆಗೆದುಕೊಳ್ಳಲೇಬೇಡಿ, ಅವು ಪೂರ್ತಿ ಶುಚಿಯಾಗುವುದಿಲ್ಲ. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಸಹ ಶುರುವಿಗೆ ಬೇಡ. ಅದನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಕರೆಂಟು ಹೋದರೆ ಏನು ಅನ್ನುವುದಕ್ಕೂ ಉತ್ತರ ಬೇಕು.

ಬರೆದಿಡದೆ ಏನನ್ನೂ ಕೊಡಬೇಡಿ

ಜೀವನವೆಲ್ಲ ರಿಜಿಸ್ಟರ್ ಬರೆದವನು ನಾನು. ಆದರೂ ಶುರುವಿನಲ್ಲಿ ಪರಿಚಯದವರು ಅಂತ ಒಂದು ಏರ್ ಬೆಡ್ಡನ್ನು ಹಾಗೇ ಕೊಟ್ಟುಬಿಟ್ಟೆ. ಅದು ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬೇರೆ ಊರಿಗೆ ಹೋಯಿತು. ಮತ್ತೆ ಸಿಗಲಿಲ್ಲ. ಕದ್ದವರು ಯಾರೂ ಇಲ್ಲ. ಬರೆದಿಡದ ತಪ್ಪು ನನ್ನದೇ.

ಪ್ರತಿ ಸಾಮಾನಿಗೂ ಪೇಂಟಿನಲ್ಲಿ ನಂಬರ್ ಬರೆಯಿರಿ. ರಿಜಿಸ್ಟರಿನಲ್ಲಿ ಆ ನಂಬರ್, ಕೊಟ್ಟ ದಿನ, ಒಯ್ದವರ ಹೆಸರು, ಫೋನು, ಜೊತೆಗೆ ಅವರ ಪಕ್ಕದ ಮನೆಯವರದ್ದೊಂದು ಫೋನು ಇರಲಿ. ಆಧಾರ್ ಜೆರಾಕ್ಸ್ ಕೇಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಷ್ಟದಲ್ಲಿ ಬಂದವರನ್ನು ಕಳ್ಳರ ಹಾಗೆ ನೋಡಿದಂತಾಗುತ್ತದೆ. ಸಣ್ಣದೊಂದು ಡಿಪಾಸಿಟ್ ಇಡಿಸಿಕೊಳ್ಳಿ, ವಾಪಸ್ ತಂದಾಗ ಪೂರ್ತಿ ಕೊಡಿ. ಅದೂ ಆಗದವರಿಗೆ ಹಾಗೇ ಕೊಡಿ. ತಿಂಗಳಿಗೊಮ್ಮೆ ಫೋನ್ ಮಾಡಿ, ಆದರೆ ಮೊದಲ ಮಾತು "ಸಾಮಾನು ಯಾವಾಗ ಕೊಡ್ತೀರಿ" ಅಂತ ಇರಬಾರದು. "ಅಜ್ಜಿ ಹೇಗಿದ್ದಾರೆ?" ಅಂತ ಕೇಳಿ.

ಕೊಡುವಾಗ ಬಳಸುವುದನ್ನು ತೋರಿಸಿ

ಈ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ವಾಕರ್ ಕೈಗಿತ್ತು ಕಳಿಸಿದರೆ ಅರ್ಧ ಕೆಲಸವೂ ಆಗಿಲ್ಲ. ವಾಕರ್ ಬಳಸುವವರು ಮಾಮೂಲಿ ಹಾಕುವ ಚಪ್ಪಲಿ ಹಾಕಿ ನೇರ ನಿಲ್ಲಲಿ, ಕೈ ಇಳಿಬಿಡಲಿ. ಹಿಡಿಕೆ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ಹಿಡಿದಾಗ ಮೊಣಕೈ ಒಂಚೂರು ಬಾಗಿರಬೇಕು. ಕಾಲುಗಳಲ್ಲಿ ಗುಂಡಿ ಒತ್ತಿ ತೂತು ಬದಲಿಸುವ ವ್ಯವಸ್ಥೆ ಇರುತ್ತದೆ. ನಾಲ್ಕೂ ಕಾಲು ಒಂದೇ ತೂತಿಗೆ ಕೂತಿವೆಯೇ, ಟಕ್ ಅಂತ ಸದ್ದು ಬಂತೇ ನೋಡಿ. ಒಂದು ಕಾಲು ಗಿಡ್ಡವಾದರೂ ಮತ್ತೆ ಬೀಳುತ್ತಾರೆ. ತುದಿಯ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿಯೇ ಕೊಡಿ. ಒದ್ದೆ ನೆಲದ ಮೇಲೆ ಆ ಬುಷ್ಷೇ ಜೀವ ಉಳಿಸುವುದು. ನಾನು ಯಾವಾಗಲೂ ಒಂದು ಡಜನ್ ಬುಷ್ ಇಟ್ಟುಕೊಂಡಿರುತ್ತೇನೆ.

ವೀಲ್‌ಚೇರ್ ಕೊಡುವ ಮುಂಚೆ ಅವರ ಬಾಗಿಲು ಅಳೆಯಲು ಹೇಳಿ. ಹಳೇ ಮನೆಗಳ ಬಚ್ಚಲ ಬಾಗಿಲಲ್ಲಿ ಕುರ್ಚಿ ಹೋಗುವುದಿಲ್ಲ. ಒಯ್ದ ಮೇಲೆ ಗೊತ್ತಾದರೆ ಮನೆಯವರು ಸೋತುಹೋಗುತ್ತಾರೆ. ಅಂಥ ಕಡೆ ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ ಒಳ್ಳೆಯದು. ಕೂರಿಸುವಾಗ, ಎಬ್ಬಿಸುವಾಗ ಎರಡೂ ಬ್ರೇಕ್ ಹಾಕಿರಬೇಕು, ಕಾಲಿಡುವ ಪಟ್ಟಿ ಮೇಲೆತ್ತಿರಬೇಕು.

ಏರ್ ಬೆಡ್ ಇದ್ದರೆ ಹಾಸಿಗೆ ಹುಣ್ಣು ಆಗುವುದೇ ಇಲ್ಲ ಅಂತ ಜನ ನಂಬಿದ್ದಾರೆ. ಹಾಗಲ್ಲ. ಅದು ಇದ್ದರೂ ಡಾಕ್ಟರು, ಸಿಸ್ಟರು ಹೇಳಿದಂತೆ ಮಗ್ಗುಲು ಬದಲಿಸುತ್ತಲೇ ಇರಬೇಕು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಅನ್ನುತ್ತಾರೆ. ಬೆಡ್ಡಿನ ಮೇಲೆ ತೆಳ್ಳಗಿನ ಒಂದೇ ಬೆಡ್‌ಶೀಟ್ ಸಾಕು. ದಪ್ಪ ಕಂಬಳಿ ಹಾಸಿದರೆ ಅದರ ಉಪಯೋಗವೇ ಹೋಯಿತು.

ಸರ್ಕಾರದ್ದು ಸಿಗುವವರಿಗೆ ಅದನ್ನೇ ಕೊಡಿಸಿ

ಶಾಶ್ವತವಾಗಿ ವೀಲ್‌ಚೇರ್ ಬೇಕಾದವರಿಗೆ ಎರವಲು ಸಾಲದು. ಅಂಗವಿಕಲರಿಗೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆ ಇದೆ. 60 ದಾಟಿದ ಬಡವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಪರಿಚಯ ಮಾಡಿಕೊಳ್ಳಿ. ಅರ್ಜಿ ತುಂಬಿಕೊಡುವುದು ನಮ್ಮಂಥ ನಿವೃತ್ತರಿಗೆ ನೀರು ಕುಡಿದಷ್ಟು ಸುಲಭ. ಸರ್ಕಾರದ ಕುರ್ಚಿ ಬರುವವರೆಗೆ ನಿಮ್ಮದು ಅವರ ಮನೆಯಲ್ಲಿರಲಿ.

ಟ್ರಸ್ಟ್ ಯಾವಾಗ?

ನಿಮ್ಮ ದುಡ್ಡು, ನಿಮ್ಮ ಸಾಮಾನು ಇರುವ ತನಕ ಯಾವ ನೋಂದಣಿಯೂ ಬೇಡ. ಬೇರೆಯವರು ಹಣ ಕೊಡಲು ಶುರು ಮಾಡಿದ ದಿನ ಬೇಕು. ಬೇರೆಯವರ ಒಂದು ರೂಪಾಯಿಯೂ ನಿಮ್ಮ ಸ್ವಂತ ಖಾತೆಗೆ ಬೀಳಬಾರದು. ಒಳ್ಳೆಯ ಮನಸ್ಸಿನವರೂ ಮಾತು ಕೇಳಬೇಕಾಗಿ ಬರುವುದು ಇಲ್ಲೇ.

ದಾರಿ ಎರಡಿವೆ. ಸಂಘ ಮಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು. ಟ್ರಸ್ಟ್ ಆದರೆ ಇಬ್ಬರು ಮೂವರು ಸೇರಿ ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಚಿಕ್ಕ ಕೆಲಸಕ್ಕೆ ನನ್ನ ಮತ ಟ್ರಸ್ಟಿಗೆ. ಆದರೆ ಮನೆಯವರನ್ನಷ್ಟೇ ಟ್ರಸ್ಟಿಗಳನ್ನಾಗಿ ಮಾಡಬೇಡಿ. ಹೊರಗಿನ ಒಬ್ಬರು ಇರಲಿ. ಟ್ರಸ್ಟಿನ ಹೆಸರಿಗೆ ಪ್ಯಾನ್, ಇಬ್ಬರ ಸಹಿ ಬೇಕಾಗುವ ಬ್ಯಾಂಕ್ ಖಾತೆ ಮಾಡಿಸಿ. ಪ್ರತಿ ದೇಣಿಗೆಗೂ ರಸೀದಿ ಕೊಡಿ. 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ಅಂತ ಎಲ್ಲರ ಬಾಯಲ್ಲಿರುವ ತೆರಿಗೆ ನೋಂದಣಿಗಳಿಗೆ ಲೆಕ್ಕ ಪರಿಶೋಧಕರ ಸಹಾಯ ಪಡೆಯಿರಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ 80ಜಿ ವಿನಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಅಮೆರಿಕದಲ್ಲಿರುವ ಮಕ್ಕಳ ಸ್ನೇಹಿತರು ಹಣ ಕಳಿಸುತ್ತೇವೆ ಅನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರ ಹಣ ಮಾತ್ರ ವಿದೇಶಿ ದೇಣಿಗೆ ಆಗುತ್ತದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ಎರಡನೇ ಕೀ

ನಮಗೂ ವಯಸ್ಸಾಗುತ್ತದೆ. ಹಾಗಾಗಿ ಮೊದಲ ವರ್ಷವೇ ಶೆಡ್ಡಿನ ಇನ್ನೊಂದು ಕೀಯನ್ನು ಯಾರಿಗಾದರೂ ಕೊಡಿ. ನಮ್ಮದು ಎದುರು ಮನೆಯ ಹುಡುಗನ ಹತ್ತಿರ ಇದೆ. ಡಿಪ್ಲೊಮಾ ಓದುತ್ತಿದ್ದಾನೆ, ಗಾಲಿಯ ಬೇರಿಂಗ್ ಬದಲಿಸುವುದು ಅವನೇ. ಕಳೆದ ವಾರ ನಾನು ಊರಲ್ಲಿರಲಿಲ್ಲ. ಬಂದು ರಿಜಿಸ್ಟರ್ ತೆಗೆದರೆ ಅವನ ಕೈಬರಹದಲ್ಲಿ ಎರಡು ಸಾಲು ಇತ್ತು: "17 ನಂಬರ್ ವಾಕರ್ ವಾಪಸ್ ಬಂತು. ಅಜ್ಜ ಈಗ ಕೋಲು ಹಿಡಿದು ನಡೀತಿದ್ದಾರೆ."