ಹಳೆಯ ಓಮ್ನಿ ಇನ್ನೂ ಓಡಬೇಕಾ? ಮೊದಲು ಟಿಂಕರಿಂಗ್‌ನವರನ್ನು ಹುಡುಕಿ

ಮಾರುತಿ ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಆದರೂ ಮಂಗಳೂರು, ಉಡುಪಿ ಕಡೆ ಅದು ಇನ್ನೂ ಓಡುತ್ತಲೇ ಇದೆ. ಕೇಟರಿಂಗ್‌ನವರ ಪಾತ್ರೆ, ಮೀನಿನ ಬಾಕ್ಸು, ಮದುವೆಗೆ ಹೊರಟ ಇಡೀ ಮನೆಯವರು ಎಲ್ಲಾ ಅದರಲ್ಲೇ ಹೋಗುವುದು. ನಿಮ್ಮ ಮನೆಯಲ್ಲೂ ಒಂದು ಉಂಟಾ? ಇನ್ನೂ ಕೆಲವು ವರ್ಷ ಓಡಿಸುವ ಮನಸ್ಸಿದ್ದರೆ ಇಂಜಿನ್ ಮೆಕ್ಯಾನಿಕ್‌ಗಿಂತ ಮೊದಲು ಒಳ್ಳೆಯ ಟಿಂಕರಿಂಗ್ ಕೆಲಸದವರನ್ನು, ಅಂದರೆ ಬಾಡಿಯ ತಗಡು ಸರಿಮಾಡುವವರನ್ನು, ಹುಡುಕಿ ಇಟ್ಟುಕೊಳ್ಳಿ.

ಯಾಕೆಂದರೆ ಆ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ ಮಾರುತಿ 800ರಲ್ಲಿ ಇದ್ದದ್ದೇ. ಅದನ್ನು ಬಿಚ್ಚಿ ಜೋಡಿಸಲು ಗೊತ್ತಿರುವವರು ಇಲ್ಲಿ ಬೇಕಾದಷ್ಟು ಇದ್ದಾರೆ. ಬಾಡಿ ಹಾಗಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸೇರಿ ಅದನ್ನು ಒಳಗಿಂದಲೇ ತಿನ್ನುತ್ತವೆ. ಸ್ಲೈಡಿಂಗ್ ಬಾಗಿಲಿನ ಕೆಳಗಿನ ರೈಲು, ಹಿಂದಿನ ಚಕ್ರದ ಮೇಲಿನ ತಗಡು, ಕಾಲಿಡುವ ಫ್ಲೋರ್, ಜಾಕ್ ಕೊಡುವ ಜಾಗ, ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಅಡಿ, ಇಷ್ಟನ್ನು ಮೊದಲು ನೋಡಿ. ಮ್ಯಾಟ್ ಎತ್ತಿಯೇ ನೋಡಬೇಕು. ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕಲ್ವಾ, ಆಗ ಇಂಜಿನ್ ಚೆನ್ನಾಗಿದ್ದರೂ ತುಕ್ಕು ಹಿಡಿದ ಬಾಡಿ ನಿಮ್ಮನ್ನು ಸಿಕ್ಕಿಸಿಹಾಕುತ್ತದೆ.

ಟಿಂಕರಿಂಗ್‌ನವರು ಹೇಗೆ ಅಂತ ತಿಳಿಯಲು ಹೊಸದಾಗಿ ಪೈಂಟ್ ಮಾಡಿದ ಗಾಡಿ ನೋಡಬೇಡಿ, ಅದು ಯಾರು ಮಾಡಿದರೂ ಹೊಳೆಯುತ್ತದೆ. ಎರಡು ಮಳೆಗಾಲ ದಾಟಿದ ಗಾಡಿ ಎಲ್ಲಿದೆ ಅಂತ ಕೇಳಿ, ಹೋಗಿ ನೋಡಿ. ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇರಲಿ. ತಗಡಿಗೆ ಅದು ಅಂಟುತ್ತದೆ, ತೂತು, ತಗ್ಗು ಮುಚ್ಚಲು ಮೆತ್ತುವ ದಪ್ಪ ಪುಟ್ಟಿಗೆ ಅಂಟುವುದಿಲ್ಲ. ಸರಿಯಾದ ಕೆಲಸ ಅಂದರೆ ತುಕ್ಕು ಹಿಡಿದ ಭಾಗವನ್ನು ಪೂರ್ತಿ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಜಾಯಿಂಟ್‌ಗೆ ಸೀಲಂಟ್ ಹಾಕಿ, ಆಮೇಲೆ ಪೈಂಟ್. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಯುತ್ತೇವೆ ಅಂದವರ ಹತ್ತಿರ ಖಂಡಿತ ಕೊಡಬೇಡಿ, ನೀರು ಒಳಗೇ ಉಳಿದು ಇನ್ನೂ ಬೇಗ ತಿಂದುಹಾಕುತ್ತದೆ. ಫ್ಲೋರ್ ವೆಲ್ಡಿಂಗ್ ಇದ್ದರೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿಟ್ಟು, ಬ್ಯಾಟರಿ ವೈರ್ ತೆಗೆದ ಮೇಲೆಯೇ ಕೆಲಸ ಶುರುವಾಗಬೇಕು. ಇದನ್ನು ನೀವೇ ನಿಂತು ನೋಡಿಕೊಳ್ಳಿ.

ಈ ಕೆಲಸ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಗೆ ಬರುವ ತುಳುನಾಡಿನ ಆ ದಿನದ ಒಳಗೆ, ಮುಗಿಯಬೇಕು. ಮಳೆ ಹಿಡಿದ ಮೇಲೆ ಪ್ರೈಮರ್ ಅಡಿ ತೇವ ಸಿಕ್ಕಿಕೊಳ್ಳುತ್ತದೆ. ಆಯುಧ ಪೂಜೆಯ ಹಿಂದಿನ ವಾರಗಳಲ್ಲಿ ಪೈಂಟ್‌ನವರಿಗೆ ಪುರುಸೊತ್ತು ಇರುವುದಿಲ್ಲ, ಅವಸರದ ಕೆಲಸ ಆಗುತ್ತದೆ. ದೀಪಾವಳಿ ಕಳೆದ ಮೇಲೆ ಕೊಡುವುದು ಒಳ್ಳೆಯದು. ಮಲ್ಪೆ ಕಡೆಯ ಲೇತ್, ವೆಲ್ಡಿಂಗ್‌ನವರನ್ನು ನಂಬಿದ್ದರೆ ಜೂನ್, ಜುಲೈ ಬಿಟ್ಟುಬಿಡಿ. ಮೀನುಗಾರಿಕೆ ನಿಷೇಧದ ಆ 61 ದಿನಗಳಲ್ಲೇ ಬೋಟುಗಳ ರಿಪೇರಿ ನಡೆಯುವುದು.

ಇನ್ನು ಮೆಕ್ಯಾನಿಕ್. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು "ಓಮ್ನಿ ಸಾಮಾನು ನಿಮ್ಮಲ್ಲಿ ಜಾಸ್ತಿ ಯಾರು ತಗೊಳ್ತಾರೆ?" ಅಂತ ಕೇಳಿ. ಯಾರು ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಒಯ್ಯುತ್ತಾರೆ, ಯಾರು ಕಡಿಮೆ ರೇಟಿನದ್ದೇ ಕೊಡಿ ಅನ್ನುತ್ತಾರೆ ಅಂತ ಅಂಗಡಿಯವರಿಗೆ ಗೊತ್ತಿರುತ್ತದೆ. ಓಮ್ನಿ ಇಟ್ಟುಕೊಂಡಿರುವ ಟ್ಯಾಕ್ಸಿ ಸ್ಟ್ಯಾಂಡಿನವರನ್ನೂ ಕೇಳಿ. ಎರಡು ಕಡೆ ಒಂದೇ ಹೆಸರು ಬಂದರೆ ಅಲ್ಲಿಗೆ ಹೋಗಿ. ನಿಮ್ಮದು ಕಾರ್ಬೊರೇಟರ್ ಗಾಡಿಯಾದರೆ ಸ್ವಲ್ಪ ವಯಸ್ಸಾದ ಮೇಸ್ತ್ರಿಗಳೇ ಬೇಕು, ಅದರ ಟ್ಯೂನಿಂಗ್ ಕಲಿತ ಹುಡುಗರು ಈಗ ಕಡಿಮೆ.

ಸಣ್ಣದೊಂದು ಪರೀಕ್ಷೆ ಹೇಳುತ್ತೇನೆ. ಆಗುಂಬೆ ಘಾಟಿಯಲ್ಲಿ ಗಾಡಿ ಬಿಸಿಯಾಗುತ್ತದೆ ಅಂತ ಹೇಳಿ ನೋಡಿ. ನೋಡದೆಯೇ ಗ್ಯಾಸ್ಕೆಟ್ (ಇಂಜಿನ್ ಹೆಡ್ ಅಡಿ ಕೂರುವ ಸೀಲು) ಹಾಕೋಣ ಅಂದರೆ ಆ ಮೆಕ್ಯಾನಿಕ್ ಬೇಡ. ಥರ್ಮೋಸ್ಟ್ಯಾಟ್, ಫ್ಯಾನ್, ವಾಟರ್ ಪಂಪ್, ರೇಡಿಯೇಟರ್ ಒಂದೊಂದಾಗಿ ನೋಡಬೇಕು. ಈ ಇಂಜಿನ್ನಿನ ಹೆಡ್, ಅಂದರೆ ಮೇಲಿನ ಭಾಗ, ಅಲ್ಯೂಮಿನಿಯಂ, ಜಾಸ್ತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ ಲೇತ್‌ಗೆ ಹೋಗಿ ಫೇಸಿಂಗ್ ಆಗಿ, ಅಂದರೆ ಅದರ ಅಡಿ ಸಮತಟ್ಟಾಗಿ, ಬರಬೇಕು, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ನಿಲ್ಲುವುದಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಅವರೇ ಕೇಳಿದರೆ ಆ ಜನವನ್ನು ಬಿಡಬೇಡಿ.

ಸಾಮಾನು ತರುವಾಗ ಆರ್‌ಸಿಯ ಫೋಟೋ ಮೊಬೈಲ್‌ನಲ್ಲಿರಲಿ. ಚಾಸಿ ನಂಬರ್ ಕೊಟ್ಟರೆ ಪಾರ್ಟ್ ನಂಬರ್ ಸರಿಯಾಗಿ ಸಿಗುತ್ತದೆ. ಇಂಜಿನ್ ಒಳಗಿನ ಸುಮಾರು ಸಾಮಾನು 800ಕ್ಕೂ ಇದಕ್ಕೂ ಒಂದೇ, ಆದರೆ ಓಮ್ನಿಗೆ ಹಿಂದಿನ ಚಕ್ರದ ಡ್ರೈವ್. ಹಾಗಾಗಿ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಅದರದ್ದೇ ಬೇಕು. ಮಾರುತಿಯ ಇನ್ನೊಂದು ವ್ಯಾನ್ ಈಕೋದ್ದು ಆಗುತ್ತದೆ ಅಂತ ಯಾರಾದರೂ ಹೇಳಿದರೆ ಹಳೆಯದರ ಪಕ್ಕದಲ್ಲಿಟ್ಟು ನೋಡದೆ ದುಡ್ಡು ಕೊಡಬೇಡಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ, ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಬಹುದು. ಬ್ರೇಕ್ ಸಾಮಾನು ಮಾತ್ರ ಗುಜರಿಯಿಂದ ಬೇಡ, ಎಷ್ಟೇ ಚೆನ್ನಾಗಿ ಕಂಡರೂ ಹೊಸದೇ ತನ್ನಿ.

ಗುಜರಿಯಿಂದ ತರಬೇಕಾದದ್ದು ಬೇರೆ ಇದೆ. ಸ್ಲೈಡಿಂಗ್ ಬಾಗಿಲಿನ ರೋಲರ್, ಲಾಕ್, ಹ್ಯಾಂಡಲ್, ಹಿಂದಿನ ಡೋರ್, ಸೈಡ್ ಗಾಜು. ಒಳ್ಳೆಯದು ಕಂಡಾಗಲೇ ತೆಗೆದಿಡಿ, ಬಿಲ್ ಕೇಳಿ. ಇಡೀ ಇಂಜಿನ್ ತಂದು ಕೂರಿಸಿದರೆ ನಂಬರ್ ಬದಲಾಗುತ್ತದೆ. ಅದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು, ಅದಕ್ಕೆ ಆ ಬಿಲ್ಲೇ ಆಧಾರ.