ಇಡ್ಲಿ-ಕಾಫಿ ರೇಟು ಮುಟ್ಟದೆ ಗಲ್ಲಾ ತುಂಬಿಸಿದ್ದು

ಇಡ್ಲಿ-ಕಾಫಿಗೆ ರೇಟು ಏರಿಸದೆ ದರ್ಶಿನಿ ನಡೆಯೋಲ್ಲ ಅಂತ ನಮ್ಮ ಭಾವ ಪಣ ಕಟ್ಟಿದ್ದರು. ಕಳೆದ ತಿಂಗಳು ಅವರ ಹೋಟೆಲಿನ ಹುಡುಗನೇ ಬಂದು ನಮ್ಮ ದರ್ಶಿನಿಯ ರೇಟು ಬೋರ್ಡಿನ ಫೋಟೊ ಹೊಡೆದುಕೊಂಡು ಹೋದ. ಅದಕ್ಕೇ ಬರೆಯುತ್ತಿದ್ದೇನೆ.

ಕಾಫಿಪುಡಿ, ತೆಂಗಿನಕಾಯಿ ಎರಡೂ ಒಟ್ಟಿಗೆ ಏರಿದಾಗ ನಾನೂ ರಾತ್ರೋರಾತ್ರಿ ಎಲ್ಲದಕ್ಕೂ 5 ರೂಪಾಯಿ ಸೇರಿಸಿದ್ದೆ. ಬೆಳಿಗ್ಗೆ ಆರೂವರೆಯ ಆಟೋದವರು ಬೋರ್ಡು ನೋಡಿದರು, ಏನೂ ಅನ್ನಲಿಲ್ಲ, ಮಾರನೇ ದಿನ ಎದುರು ಹೋಟೆಲಿನ ಸಾಲಿನಲ್ಲಿ ನಿಂತಿದ್ದರು. ಹದಿನೈದು ದಿನಕ್ಕೆ ಹತ್ತಿರತ್ತಿರ 40 ಸಾವಿರ ವ್ಯಾಪಾರ ಕೈತಪ್ಪಿತು. ಜನಕ್ಕೆ ಬಾಯಿಪಾಠ ಇರೋದು ಇಡ್ಲಿ, ಕಾಫಿ ರೇಟು ಮಾತ್ರ. ಅವೆರಡನ್ನೂ ಹಳೇ ರೇಟಿಗೇ ಇಳಿಸಿದೆ.

ಬೋರ್ಡಿನ ನೆತ್ತಿಗೆ ತುಪ್ಪದ ಪುಡಿ ಇಡ್ಲಿ ಹಾಕಿದೆ, 80 ರೂಪಾಯಿ. ಬರೀ ಇಡ್ಲಿ 40. ಪುಡಿ, ತುಪ್ಪ ಸೇರಿ ಮೇಲೆ ಬೀಳೋ ಖರ್ಚು 12-13. ತುಪ್ಪವನ್ನು ಒಳಗೆ ಸುರಿದು ಕಳಿಸಬೇಡಿ. ಗಿರಾಕಿಯ ಕಣ್ಣೆದುರೇ ಚಮಚದಲ್ಲಿ ಬಿಡಬೇಕು. ಘಮ ಪಕ್ಕದವನ ಮೂಗಿಗೆ ಹೋದರೆ ಅವನೂ ಟೋಕನ್‌ಗೆ ವಾಪಸ್ ಬರುತ್ತಾನೆ.

ಕಾಂಬೊದಲ್ಲಿ ಪೆಟ್ಟು ತಿಂದೆ. ಇಡ್ಲಿ, ವಡೆ, ಕಾಫಿ ಬಿಡಿಯಾಗಿ 90, ಕಾಂಬೊ 80 ಅಂದೆ. ಹೇಗಿದ್ದರೂ ಮೂರೂ ತಿನ್ನೋರೇ ಅದನ್ನು ತಗೊಂಡರು, ತಲೆಗೆ 10 ರೂಪಾಯಿ ನಷ್ಟ. ಖಾರಾಭಾತ್, ಕೇಸರಿಭಾತ್ ಒಂದೇ ತಟ್ಟೆಗೆ ಹಾಕೋ ನಮ್ಮ ಚೌಚೌ ಭಾತ್ ಮಾತ್ರ ಯಾರ ಕಣ್ಣಿಗೂ ಕಾಂಬೊ ಅಂತ ಬೀಳೋದಿಲ್ಲ! ಅದನ್ನು ನೋಡಿಯೇ ಬುದ್ಧಿ ಬಂತು. ಹತ್ತು ಗಂಟೆಗೆ ಉಳಿಯುತ್ತಿದ್ದ ಕೇಸರಿಭಾತನ್ನು ಪುಟ್ಟ ಬಟ್ಟಲಲ್ಲಿ ಕಾಫಿ ಜೊತೆ ಕೊಟ್ಟೆ, 15 ರೂಪಾಯಿ ಹೆಚ್ಚಿಗೆ. ಈಗ ಉಳಿಯೋದಿಲ್ಲ.

ನಡುವೆ 49, 99 ಅಂತಲೂ ಬರೆದು ನೋಡಿದೆ. "ಏನ್ ಸ್ವಾಮಿ, ಬಾಟಾ ರೇಟಾ?" ಅಂತ ನಕ್ಕರು. ಕಾಫಿಗೆ ಚಿಕ್ಕ ಲೋಟವನ್ನೂ ತಂದಿದ್ದೆ. ಎರಡನೇ ದಿನವೇ ಒಬ್ಬ ಹಿರಿಯರು ಎತ್ತಿ ಹಿಡಿದು, "ಮಗುಗೆ ಹಾಲು ಕುಡಿಸೋ ಲೋಟ ಅಲ್ಲವೇನಪ್ಪ ಇದು?" ಅಂದರು. ಅಷ್ಟೂ ಲೋಟ ಅಟ್ಟ ಸೇರಿವೆ.

ಲೆಕ್ಕ ಹಾಕುವಾಗ ಗ್ಯಾಸ್ ಮರೀಬೇಡಿ. ನಾವು ಹಾಕೋದು 5% ಜಿಎಸ್‌ಟಿ, ಇನ್‌ಪುಟ್ ಸಿಗೋಲ್ಲ, ಅಂದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆದುಕೊಳ್ಳೋ ಹಾಗಿಲ್ಲ. ಕಮರ್ಷಿಯಲ್ ಸಿಲಿಂಡರ್ ಮೇಲಿನ 18% ನಮ್ಮ ಜೇಬಿನದೇ.

ಬಿಲ್ ಸರಾಸರಿ 58ರ ಆಸುಪಾಸಿತ್ತು, ಈಗ 70 ದಾಟಿದೆ. ಕಾಫಿಯನ್ನು ಬೋರ್ಡಿನ ಎಷ್ಟನೇ ಸಾಲಿಗೆ ಹಾಕಿದ್ದೇನೆ ಅನ್ನೋದನ್ನು ಬಂದು ನೋಡಿ, ಇಲ್ಲಿ ಬರೆಯೋಲ್ಲ. ಭಾವ ಮೊನ್ನೆ ಪುಡಿಗೆ ಬೆಳ್ಳುಳ್ಳಿ ಎಷ್ಟು ಅಂತ ಕೇಳಿದರು. ಅದು ಭಟ್ಟರಿಗೇ ಗೊತ್ತು ಅಂದೆ.